ಕ್ಯಾಂಪಸ್ ನೆಟ್‌ವರ್ಕಿನಲ್ಲಿ ಕಾಪಿರೈಟ್ ಉಲ್ಲಂಘನೆ: ತಡೆಯುವ ನಾಲ್ಕು ದಾರಿಗಳಲ್ಲಿ ಯಾವುದನ್ನು ಆರಿಸಬೇಕು?

ಅಮೆರಿಕದ ಕಾಲೇಜುಗಳ ಐಟಿ ವಿಭಾಗದಲ್ಲಿ ಕೆಲಸ ಮಾಡುವವರ ಮೇಜಿಗೆ ಇವತ್ತಲ್ಲ ನಾಳೆ ಒಂದು ಕೆಲಸ ಬಂದೇ ಬರುತ್ತದೆ. ವಿದ್ಯಾರ್ಥಿಗಳು ಕ್ಯಾಂಪಸ್ ನೆಟ್‌ವರ್ಕ್ ಬಳಸಿ ಸಿನಿಮಾ, ಹಾಡು, ಗೇಮ್, ಸಾಫ್ಟ್‌ವೇರ್‌ಗಳನ್ನು ಅನುಮತಿ ಇಲ್ಲದೆ ಹಂಚಿಕೊಳ್ಳುವುದನ್ನು ತಡೆಯಲು ನಮ್ಮ ಯೋಜನೆ ಏನು ಅಂತ ಬರೆದುಕೊಡಿ ಅನ್ನೋದು ಆ ಕೆಲಸ. ಇದು ಕಾಲೇಜಿನ ಇಷ್ಟಕ್ಕೆ ಬಿಟ್ಟ ವಿಷಯ ಅಲ್ಲ. ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಮತ್ತು ಧನಸಹಾಯದ ಯೋಜನೆಗಳಲ್ಲಿ ಇರುವ ಪ್ರತಿ ಕಾಲೇಜಿಗೂ 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆ ಇದನ್ನು ಕಡ್ಡಾಯ ಮಾಡಿದೆ. ಅದರ ನಿಯಮಗಳು 2010ರ ಜುಲೈ 1ರಿಂದ ಜಾರಿಯಲ್ಲಿವೆ.

ಕಾಯ್ದೆ ನಾಲ್ಕು ಬಗೆಯ ತಾಂತ್ರಿಕ ಕ್ರಮಗಳನ್ನು ಹೆಸರಿಸುತ್ತದೆ. ಬ್ಯಾಂಡ್‌ವಿಡ್ತ್‌ಗೆ (ನೆಟ್‌ವರ್ಕಿನ ವೇಗಕ್ಕೆ) ಮಿತಿ ಹಾಕುವುದು, ಅತಿ ಹೆಚ್ಚು ಬಳಸುವವರ ಮೇಲೆ ಕಣ್ಣಿಡುವುದು, ನಿಮ್ಮ ನೆಟ್‌ವರ್ಕಿನಿಂದ ನಮ್ಮ ಕೃತಿ ಹಂಚಿಕೆಯಾಗಿದೆ ಅಂತ ಮಾಲೀಕರು ಕಳಿಸುವ ಕಾಪಿರೈಟ್ ನೋಟಿಸ್‌ಗಳಿಗೆ ಚುರುಕಾಗಿ ಸ್ಪಂದಿಸುವುದು, ಫೈಲ್ ಹಂಚಿಕೆಯನ್ನೇ ಬಂದ್ ಮಾಡುವ ಉತ್ಪನ್ನ ಕೊಂಡು ಹಾಕುವುದು. ಇವುಗಳಲ್ಲಿ ಒಂದನ್ನಾದರೂ ಬಳಸಬೇಕು. ಇದೇ ಮೇಲು, ಇದೇ ಆಗಬೇಕು ಅಂತ ಕಾನೂನು ಎಲ್ಲೂ ಹೇಳುವುದಿಲ್ಲ. ಪಾಠಕ್ಕೂ ಸಂಶೋಧನೆಗೂ ನೆಟ್‌ವರ್ಕ್ ಬಳಸುವವರಿಗೆ ಅನಗತ್ಯ ಅಡ್ಡಿ ಆಗಬಾರದು ಅನ್ನೋದನ್ನೂ ಅದೇ ನಿಯಮ ಹೇಳುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಕಾಲೇಜುಗಳಿಗೆ ಮೂರನೆಯದು, ಅಂದರೆ ನೋಟಿಸ್‌ಗಳನ್ನು ಸರಿಯಾಗಿ ನಿಭಾಯಿಸುವುದೇ ಬೆನ್ನೆಲುಬು ಆಗಬೇಕು. ಉಳಿದವು ಅದರ ಜೊತೆಗೆ, ಅಗತ್ಯ ಕಂಡಾಗ ಮಾತ್ರ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಕಾಲೇಜುಗಳ ಮೇಲೇ ಯಾಕೆ ಕಣ್ಣು?

1999ರಲ್ಲಿ ಹಾಡುಗಳನ್ನು ಪರಸ್ಪರ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಎಂಬ ಸೇವೆ ಹುಟ್ಟಿದಾಗ ವೇಗದ ಇಂಟರ್ನೆಟ್ ಮನೆಗಳಲ್ಲಿ ಅಪರೂಪ, ಹಾಸ್ಟೆಲ್ ಕೋಣೆಗಳಲ್ಲಿ ಮಾತ್ರ ಧಾರಾಳ. ಹಂಚಿಕೆ ಅಲ್ಲೇ ಬೆಳೆಯಿತು. 2000ದಲ್ಲಿ ಮೆಟಾಲಿಕಾ ಎಂಬ ರಾಕ್ ಸಂಗೀತ ತಂಡ ನ್ಯಾಪ್‌ಸ್ಟರ್ ಮೇಲೂ ಮೂರು ವಿಶ್ವವಿದ್ಯಾಲಯಗಳ ಮೇಲೂ ದಾವೆ ಹೂಡಿತು. ಯೇಲ್ ಮತ್ತು ಇಂಡಿಯಾನಾ ತಕ್ಷಣ ನ್ಯಾಪ್‌ಸ್ಟರ್ ಬಂದ್ ಮಾಡಿದವು. 2003ರಿಂದ ಸಂಗೀತ ಕಂಪನಿಗಳು ವಿದ್ಯಾರ್ಥಿಗಳ ಮೇಲೇ ಕೇಸು ಹಾಕತೊಡಗಿದವು. ಬಾಸ್ಟನ್‌ನ ಒಬ್ಬ ವಿದ್ಯಾರ್ಥಿಗೆ 30 ಹಾಡುಗಳಿಗಾಗಿ 6,75,000 ಡಾಲರ್ ಪರಿಹಾರ ಕೊಡುವಂತೆ 2009ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು.

ಕಾಯ್ದೆ ರೂಪಗೊಳ್ಳುತ್ತಿದ್ದ ಕಾಲದಲ್ಲಿ ಸಿನಿಮಾ ಉದ್ಯಮದ ಸಂಘಟನೆ ಒಂದು ಅಂಕಿಯನ್ನು ಮುಂದಿಟ್ಟಿತ್ತು. ದೇಶದೊಳಗೆ ಫೈಲ್ ಹಂಚಿಕೆಯಿಂದ ಆಗುವ ನಷ್ಟದಲ್ಲಿ ಶೇ. 44ರಷ್ಟು ಕಾಲೇಜು ವಿದ್ಯಾರ್ಥಿಗಳಿಂದ ಅನ್ನೋದು ಆ ಅಂಕಿ. 2008ರ ಜನವರಿಯಲ್ಲಿ ಅದೇ ಸಂಘಟನೆ ಲೆಕ್ಕ ತಪ್ಪಾಗಿತ್ತು, ನಿಜವಾದ ಪಾಲು ಸುಮಾರು ಶೇ. 15 ಅಂತ ಒಪ್ಪಿಕೊಂಡಿತು. ಕಾನೂನು ಮಾತ್ರ ಉಳಿಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ದೇಶದ ಅಂಕಿ ನೋಡಿ ಗಾಬರಿಯಾಗಿ ಹಂಚಿಕೆ ತಡೆಯುವ ದುಬಾರಿ ಪೆಟ್ಟಿಗೆ ಕೊಳ್ಳಬೇಡಿ. ನಿಮ್ಮ ಕ್ಯಾಂಪಸ್‌ಗೆ ಬರುವ ನೋಟಿಸ್‌ಗಳನ್ನು ಮೊದಲು ಎಣಿಸಿ.

ವೇಗಕ್ಕೆ ಮಿತಿ

ಮೊದಲ ದಾರಿ ತೀರಾ ಸರಳ. ಹಾಸ್ಟೆಲ್ ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕೂ ಇಷ್ಟೇ ಅಪ್‌ಲೋಡ್ ವೇಗ ಅಂತ ಮಿತಿ ಇಡುವುದು, ಇಲ್ಲವೇ ಟೊರೆಂಟ್ (ಬಳಕೆದಾರರು ಫೈಲ್‌ಗಳನ್ನು ನೇರವಾಗಿ ಪರಸ್ಪರ ಹಂಚುವ ವಿಧಾನ) ಥರದ ಸಂಚಾರವನ್ನು ಸಾಲಿನ ಕೊನೆಗೆ ತಳ್ಳುವುದು. ಹೆಚ್ಚಿನ ರೂಟರ್, ಫೈರ್‌ವಾಲ್‌ಗಳಲ್ಲಿ ಈ ಸೌಲಭ್ಯ ಇದ್ದೇ ಇರುತ್ತದೆ. ಹೊಸ ಖರ್ಚು ಕಡಿಮೆ. ಯಾರು ಏನು ನೋಡುತ್ತಿದ್ದಾರೆ ಅಂತ ಇಣುಕಬೇಕಾಗಿಲ್ಲ.

ಹಾಡೊಂದರ ಡೌನ್‌ಲೋಡ್‌ಗೇ ಗಂಟೆ ಹಿಡಿಯುತ್ತಿದ್ದ ಕಾಲದಲ್ಲಿ ಇದು ಚೆನ್ನಾಗಿ ನಡೆಯಿತು. ಈಗ ಕ್ಯಾಂಪಸ್‌ಗಳಿಗೆ ಗಿಗಾಬಿಟ್ ಲೆಕ್ಕದಲ್ಲಿ ಸಂಪರ್ಕ ಇದೆ. ವೇಗ ಕಡಿಮೆ ಮಾಡಿದರೂ ರಾತ್ರಿ ಮಲಗಿ ಏಳುವಷ್ಟರಲ್ಲಿ ಸಿನಿಮಾ ಇಳಿದಿರುತ್ತದೆ. ಕಾನೂನುಬದ್ಧ ವಿಡಿಯೋ ಮತ್ತು ಕಳ್ಳ ವಿಡಿಯೋ ನಡುವೆ ಈ ಮಿತಿಗೆ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ನೆಟ್‌ವರ್ಕ್ ಆರೋಗ್ಯವಾಗಿರಲು ಇಟ್ಟುಕೊಳ್ಳಿ. ಕಾಗದದ ಮೇಲೆ ಕಾನೂನಿನ ಷರತ್ತನ್ನೂ ಇದು ಪೂರೈಸುತ್ತದೆ. ಆದರೆ ಕಾಪಿರೈಟ್ ಕಾಪಾಡಿತು ಅಂತ ಇದೊಂದನ್ನೇ ನಂಬಿ ಕೂರಬೇಡಿ.

ಜಾಸ್ತಿ ಬಳಸುವವರನ್ನು ಗುರುತಿಸುವುದು

ಎರಡನೆಯದು, ನೆಟ್‌ವರ್ಕಿನ ಹರಿವಿನ ದಾಖಲೆ ನೋಡಿ ವಾರಕ್ಕೊಮ್ಮೆ ಅತಿ ಹೆಚ್ಚು ಡೇಟಾ ಹೊರಗೆ ಕಳಿಸಿದ ಸಾಧನಗಳ ಪಟ್ಟಿ ತೆಗೆಯುವುದು. ಇಲ್ಲಿ ಫೈಲ್‌ಗಳ ಒಳಗೇನಿದೆ ಅಂತ ನೋಡುವುದಿಲ್ಲ. ಎಲ್ಲಿಂದ ಎಲ್ಲಿಗೆ ಎಷ್ಟು ಹೋಯಿತು ಅನ್ನೋದು ಮಾತ್ರ ಕಾಣುತ್ತದೆ. ಪಟ್ಟಿಯಲ್ಲಿ ಮೇಲಿರುವವರಿಗೆ ಒಂದು ಮೇಲ್ ಹೋಗುತ್ತದೆ: ನಿಮ್ಮ ಲ್ಯಾಪ್‌ಟಾಪ್ ಇಷ್ಟು ಕಳಿಸಿದೆ, ಕಾರಣ ಗೊತ್ತಾ ಅಂತ.

ಆ ಪ್ರಶ್ನೆಯನ್ನು ಕೇಳುವ ದನಿಯ ಮೇಲೆ ಎಲ್ಲ ನಿಂತಿದೆ. ಖಗೋಳ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿ ದೊಡ್ಡ ಡೇಟಾ ಕಳಿಸಿರಬಹುದು. ಯಾರೋ ತಮ್ಮ ಫೋಟೋಗಳನ್ನೆಲ್ಲ ಕ್ಲೌಡ್‌ಗೆ ಏರಿಸಿರಬಹುದು. ವೈರಸ್ ತಗುಲಿದ ಲ್ಯಾಪ್‌ಟಾಪ್ ಆಗಿರಬಹುದು. ನಿಜ ಹೇಳಬೇಕೆಂದರೆ ಈ ಕಣ್ಗಾವಲಿನ ಅಸಲಿ ಲಾಭ ಆ ಕೊನೆಯದರಲ್ಲೇ ಜಾಸ್ತಿ. ಆರೋಪದ ದನಿಯಲ್ಲಿ ಬರೆದರೆ ತಪ್ಪು ಮಾಡದವರಿಗೆ ನೋವಾಗುತ್ತದೆ. ಮುಂದೆ ನೀವು ಬರೆಯುವ ಯಾವ ಮೇಲನ್ನೂ ಅವರು ತೆರೆಯುವುದಿಲ್ಲ. ದಾಖಲೆಗಳನ್ನು ಎಷ್ಟು ದಿನ ಇಡುತ್ತೀರಿ, ಯಾರು ನೋಡಬಹುದು ಅನ್ನೋದನ್ನು ಬರೆದು ಪ್ರಕಟಿಸದೆ ಈ ದಾರಿ ಹಿಡಿಯಲೇಬೇಡಿ.

ನೋಟಿಸ್‌ಗೆ ಸ್ಪಂದಿಸುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಟೊರೆಂಟ್ ಕೆಲಸ ಮಾಡುವ ಬಗೆ ಗೊತ್ತಿದ್ದರೆ ನೋಟಿಸ್ ಹೇಗೆ ಬರುತ್ತದೆ ಅನ್ನೋದು ಅರ್ಥವಾಗುತ್ತದೆ. ಟೊರೆಂಟ್‌ನಲ್ಲಿ ಫೈಲ್ ಇಳಿಸಿಕೊಳ್ಳುತ್ತಿರುವವರು ಅದೇ ಹೊತ್ತಿಗೆ ಅದರ ತುಣುಕುಗಳನ್ನು ಬೇರೆಯವರಿಗೆ ಕಳಿಸುತ್ತಲೂ ಇರುತ್ತಾರೆ. ಕಾಪಿರೈಟ್ ಮಾಲೀಕರು ನೇಮಿಸಿದ ಕಂಪನಿಗಳು ಇದೇ ಗುಂಪಿಗೆ ಸೇರಿಕೊಂಡು, ಅಲ್ಲಿ ಕಾಣುವ ಐಪಿ ವಿಳಾಸಗಳನ್ನು, ಅಂದರೆ ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳನ್ನು, ಬರೆದುಕೊಳ್ಳುತ್ತವೆ. ವಿಳಾಸ ಕಾಲೇಜಿನದ್ದಾದರೆ ಕಾಲೇಜಿಗೆ ನೋಟಿಸ್. ಅದರಲ್ಲಿ ಕೃತಿಯ ಹೆಸರು, ಐಪಿ ವಿಳಾಸ, ಪೋರ್ಟ್ ಸಂಖ್ಯೆ (ಆ ವಿಳಾಸದಲ್ಲಿನ ಒಂದೊಂದು ಸಂಪರ್ಕವನ್ನು ಗುರುತಿಸುವ ಅಂಕಿ), ದಿನಾಂಕ, ಸಮಯ ಇರುತ್ತವೆ. ವಿದ್ಯಾರ್ಥಿಯ ಹೆಸರು ಇರುವುದಿಲ್ಲ, ಅದು ಆ ಕಂಪನಿಗಳಿಗೆ ಗೊತ್ತೂ ಇರುವುದಿಲ್ಲ.

ಎಷ್ಟೋ ಹುಡುಗರಿಗೆ ತಾವು ಹಂಚುತ್ತಿದ್ದೇವೆ ಅನ್ನೋದೇ ತಿಳಿದಿರುವುದಿಲ್ಲ. ರಜೆಯಲ್ಲಿ ಮನೆಯಲ್ಲಿದ್ದಾಗ ಟೊರೆಂಟ್ ತಂತ್ರಾಂಶ ಹಾಕಿರುತ್ತಾರೆ. ಕಂಪ್ಯೂಟರ್ ಶುರುವಾದಾಗ ತಾನೂ ಶುರುವಾಗುವಂತೆ ಅದು ಹೊಂದಿಕೊಂಡಿರುತ್ತದೆ. ಸೆಮಿಸ್ಟರಿನ ಮೊದಲ ದಿನ ಹಾಸ್ಟೆಲ್‌ಗೆ ಬಂದು ವೈಫೈಗೆ ಸೇರಿದ ಕೂಡಲೇ ಹಳೆಯ ಸಿನಿಮಾ ಫೈಲ್ ಮತ್ತೆ ಹಂಚಿಕೆಯಾಗತೊಡಗುತ್ತದೆ. ಪಾಪ, ಅವರು ಆಗ ಟೈಮ್‌ಟೇಬಲ್ ನೋಡುತ್ತಾ ಕೂತಿರುತ್ತಾರೆ. ಇಂಥವರಿಗೆ ಬೇಕಾಗಿರುವುದು ದಂಡ ಅಲ್ಲ. ಆ ಸೆಟ್ಟಿಂಗ್ ಎಲ್ಲಿದೆ ಅಂತ ತೋರಿಸುವವರು ಬೇಕು.

ನೋಟಿಸ್‌ನಿಂದ ಸರಿಯಾದ ವ್ಯಕ್ತಿಯನ್ನು ತಲುಪುವುದೇ ಇಲ್ಲಿನ ಕಷ್ಟದ ಕೆಲಸ. ಒಂದು ಉದಾಹರಣೆ ತೆಗೆದುಕೊಳ್ಳಿ. ನೋಟಿಸ್‌ನಲ್ಲಿ ಸಮಯ 02:14 ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಅಂತ ಇದೆ. ನಿಮ್ಮ ಕಾಲೇಜು ಅಮೆರಿಕದ ಪೂರ್ವ ತೀರದಲ್ಲಿದ್ದರೆ ಚಳಿಗಾಲದಲ್ಲಿ ಅದು ಹಿಂದಿನ ದಿನ ರಾತ್ರಿ 9:14. ಬೇಸಿಗೆಯಲ್ಲಾದರೆ 10:14. ಸಾಧನಗಳಿಗೆ ಐಪಿ ವಿಳಾಸ ಹಂಚುವ ಸರ್ವರಿನ ಲಾಗ್ (ದಾಖಲೆ) ನೋಡುವವರು ಈ ಒಂದು ಗಂಟೆ ಮರೆತರೆ, ಅಷ್ಟರಲ್ಲಿ ಅದೇ ವಿಳಾಸ ಬೇರೆಯವರ ಫೋನಿಗೆ ಹೋಗಿರಬಹುದು. ನೋಟಿಸ್ ಹೋಗುವುದು ಏನೂ ಅರಿಯದ ಇನ್ನೊಂದು ಕೋಣೆಗೆ. ಇನ್ನು ನೂರಾರು ಸಾಧನಗಳು ಒಂದೇ ಹೊರವಿಳಾಸದ ಹಿಂದೆ ಇದ್ದರೆ ಪೋರ್ಟ್ ಸಂಖ್ಯೆ ಇಲ್ಲದೆ ಹುಡುಕುವುದೇ ಅಸಾಧ್ಯ. ಆ ವಿಳಾಸ ಬದಲಾವಣೆಯ ಲಾಗನ್ನು ನೀವು ಏಳು ದಿನ ಮಾತ್ರ ಇಟ್ಟು, ನೋಟಿಸ್ ಹತ್ತನೇ ದಿನ ಬಂದರೆ ಅಲ್ಲಿಗೆ ಮುಗಿಯಿತು. ಫೋನ್‌ಗಳು ತಮ್ಮ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕಿಗೆ ಸಾಧನ ತೋರಿಸುವ ಗುರುತಿನ ಸಂಖ್ಯೆಯನ್ನು) ಆಗಾಗ ಬದಲಿಸುವುದು ಈಗಿನ ಇನ್ನೊಂದು ತೊಡಕು. ಹಾಗಾಗಿ ಸಾಧನದ ಬದಲು ಲಾಗಿನ್ ಹೆಸರಿಗೆ ಕೊಂಡಿ ಇರುವ ವೈಫೈ ವ್ಯವಸ್ಥೆ ಇದ್ದರೆ ತುಂಬಾ ಅನುಕೂಲ.

ನೋಟಿಸ್ ಬಂತು ಅಂದಮಾತ್ರಕ್ಕೆ ತಪ್ಪು ಸಾಬೀತಾಯಿತು ಅಂತಲೂ ಅಲ್ಲ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಯಾವ ಫೈಲನ್ನೂ ಇಳಿಸದೆ, ಹಂಚದೆ, ಕೆಲವು ಪ್ರಿಂಟರ್‌ಗಳ ಐಪಿ ವಿಳಾಸಗಳು ಟೊರೆಂಟ್ ಗುಂಪುಗಳಲ್ಲಿ ಕಾಣುವಂತೆ ಮಾಡಿದರು. ಆ ಪ್ರಿಂಟರ್‌ಗಳ ಹೆಸರಿಗೂ ಕಾಪಿರೈಟ್ ನೋಟಿಸ್‌ಗಳು ಬಂದವು. ಅಂದಿನಿಂದ ಪತ್ತೆ ವಿಧಾನಗಳು ಸುಧಾರಿಸಿರಬಹುದು. ಆದರೂ ವಿದ್ಯಾರ್ಥಿ ನಾನಲ್ಲ ಅಂದಾಗ ಕೂತು ಕೇಳಿಸಿಕೊಳ್ಳುವ ಒಬ್ಬರು ನಿಮ್ಮ ವ್ಯವಸ್ಥೆಯಲ್ಲಿ ಇರಲೇಬೇಕು.

ಕಾನೂನಿನ ಕಡೆಯಿಂದ ಹೇಳುವುದಾದರೆ, 1998ರ ಡಿಎಂಸಿಎ ಎಂಬ ಡಿಜಿಟಲ್ ಕಾಪಿರೈಟ್ ಕಾಯ್ದೆ, ಷರತ್ತು ಪಾಲಿಸಿದರೆ, ಬಳಕೆದಾರರ ಉಲ್ಲಂಘನೆಗೆ ಪರಿಹಾರ ಕಟ್ಟುವ ಹೊಣೆಯಿಂದ ಕಾಲೇಜಿಗೆ ರಕ್ಷಣೆ ಕೊಡುತ್ತದೆ. ಕಾಲೇಜಿನ ಸ್ವಂತ ಸರ್ವರಿನಲ್ಲಿ ಬಳಕೆದಾರರು ಇಟ್ಟ ಫೈಲ್ ಬಗ್ಗೆ ನೋಟಿಸ್ ಬಂದರೆ ಅದನ್ನು ಬೇಗ ತೆಗೆದುಹಾಕಬೇಕು. ವಿದ್ಯಾರ್ಥಿಯ ಲ್ಯಾಪ್‌ಟಾಪಿನಿಂದ ಹೋದ ಟೊರೆಂಟ್ ವಿಷಯದಲ್ಲಿ ಕಾಲೇಜು ಬರೀ ಕೊಳವೆ ಇದ್ದ ಹಾಗೆ. ತೆಗೆಯಲು ಅಲ್ಲಿ ಏನೂ ಇರುವುದಿಲ್ಲ. ಆದರೆ ಎರಡಕ್ಕೂ ಅನ್ವಯಿಸುವ ಷರತ್ತು ಒಂದಿದೆ. ಪದೇ ಪದೇ ಉಲ್ಲಂಘಿಸುವವರ ಸಂಪರ್ಕವನ್ನು ತಕ್ಕ ಸಂದರ್ಭದಲ್ಲಿ ಕಡಿತ ಮಾಡುವ ನೀತಿ ಇರಬೇಕು, ಅದು ನಿಜವಾಗಿ ಜಾರಿಯಲ್ಲೂ ಇರಬೇಕು. ಕಾಕ್ಸ್ ಎಂಬ ಇಂಟರ್ನೆಟ್ ಕಂಪನಿಗೆ 13 ಹಂತಗಳ ಎಚ್ಚರಿಕೆಯ ನೀತಿ ಇತ್ತು. ಆದರೆ ಕಡಿತ ಮಾಡಿದ ಗ್ರಾಹಕರನ್ನು ಅದು ಸುಮ್ನೆ ಮತ್ತೆ ಸೇರಿಸಿಕೊಳ್ಳುತ್ತಿತ್ತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ಕಂಪನಿಗೆ ರಕ್ಷಣೆ ಸಿಗದು ಅಂದಿತು. ಬರೆದಿಟ್ಟ ನೀತಿಗಿಂತ ಅದನ್ನು ನಡೆಸುವ ರೀತಿಯೇ ದೊಡ್ಡದು ಅನ್ನೋದು ಕಾಲೇಜುಗಳಿಗೂ ಅಲ್ಲಿನ ಪಾಠ.

ಒಂದು ಸಣ್ಣ ಆದರೆ ಮರೆತುಹೋಗುವ ವಿಷಯ. ನೋಟಿಸ್ ಸ್ವೀಕರಿಸುವವರ ವಿವರವನ್ನು ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿರಬೇಕು. ಶುಲ್ಕ 6 ಡಾಲರ್, ಮೂರು ವರ್ಷಕ್ಕೊಮ್ಮೆ ನವೀಕರಣ. ಆ ಕೆಲಸ ನೋಡುತ್ತಿದ್ದವರು ಕೆಲಸ ಬಿಟ್ಟು ಹೋದಾಗ ನವೀಕರಣ ತಪ್ಪದಂತೆ ನೋಡಿಕೊಳ್ಳಿ.

ಕೆಲವು ನೋಟಿಸ್‌ಗಳ ಜೊತೆ ಇಷ್ಟು ಹಣ ಕಟ್ಟಿ ರಾಜಿಯಾಗಿ ಅನ್ನುವ ಕೊಂಡಿಯೂ ಬರುತ್ತದೆ. ಅದನ್ನು ಹಾಗೇ ವಿದ್ಯಾರ್ಥಿಗೆ ದಾಟಿಸುವುದು ನನಗೆ ಸರಿ ಕಾಣುವುದಿಲ್ಲ. ಹದಿನೆಂಟರ ಹುಡುಗಿ ಮಧ್ಯರಾತ್ರಿ ಅದನ್ನು ಓದಿ ಹೆದರಿ ಯಾರನ್ನೂ ಕೇಳದೆ ಹಣ ಕಟ್ಟಿಬಿಡಬಹುದು. ಆ ಭಾಗ ತೆಗೆದು ಉಳಿದದ್ದನ್ನು ಕಳಿಸಿ. ಕೋರ್ಟಿನಿಂದ ಸಮನ್ಸ್ ಬಂದು ಹೆಸರು ಕೇಳಿದರೆ ಮಾತ್ರ ವಿಷಯ ಬೇರೆ. ಆಗ ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಕಾನೂನಿನಂತೆ ವಿದ್ಯಾರ್ಥಿಗೆ ಮುಂಚಿತವಾಗಿ ತಿಳಿಸಲು ಪ್ರಯತ್ನಿಸಬೇಕು, ಕಾಲೇಜಿನ ವಕೀಲರನ್ನು ಕರೆಯಬೇಕು.

ಪೂರ್ತಿ ಬಂದ್ ಮಾಡುವ ಉತ್ಪನ್ನಗಳು

ನಾಲ್ಕನೆಯ ದಾರಿಯ ಹೆಸರಾಂತ ಉದಾಹರಣೆ ಫ್ಲೋರಿಡಾ ವಿಶ್ವವಿದ್ಯಾಲಯದ ಇಕಾರಸ್. 2003ರಲ್ಲಿ ಅಲ್ಲಿನ ಹಾಸ್ಟೆಲ್‌ಗಳಲ್ಲಿ ಶುರುವಾಯಿತು. ಫೈಲ್ ಹಂಚಿಕೆ ಕಂಡ ಕೂಡಲೇ ಸಂಪರ್ಕ ತಾನಾಗಿ ಕಡಿತ. ಮೊದಲ ಸಲ 30 ನಿಮಿಷ, ಜೊತೆಗೆ ಕಾಪಿರೈಟ್ ಬಗ್ಗೆ ಒಂದು ಪಾಠ. ಎರಡನೇ ಸಲ ಐದು ದಿನ. ಮೂರನೇ ಸಲ ಶಿಸ್ತು ಕ್ರಮ. ಆಡಿಬಲ್ ಮ್ಯಾಜಿಕ್ ಎಂಬ ಕಂಪನಿಯ ಉತ್ಪನ್ನ ಬೇರೆ ರೀತಿ. ಹಾಡಿನ ದನಿಯ ಗುರುತನ್ನು ತನ್ನ ಪಟ್ಟಿಯ ಜೊತೆ ತಾಳೆ ನೋಡಿ, ಹೊಂದಿದರೆ ಮಾತ್ರ ತಡೆಯುವುದು.

ಇವುಗಳ ಬಲ ಇರುವುದು ವೇಗದಲ್ಲಿ. ನೋಟಿಸ್ ಬರೋವರೆಗೆ ಕಾಯಬೇಕಾಗಿಲ್ಲ. ತೊಡಕುಗಳೂ ಅಷ್ಟೇ ಇವೆ. ಟೊರೆಂಟ್ ಅನ್ನೋದು ಒಂದು ಸಾಗಣೆಯ ವಿಧಾನ ಮಾತ್ರ. ಲಿನಕ್ಸ್ ವಿತರಣೆಗಳೂ ಸಂಶೋಧನೆಯ ಡೇಟಾ ಸೆಟ್‌ಗಳೂ ಅದೇ ದಾರಿಯಲ್ಲಿ ಹೋಗುತ್ತವೆ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿ ಪ್ರಾಜೆಕ್ಟಿಗಾಗಿ ಲಿನಕ್ಸ್ ಇಳಿಸಿಕೊಂಡು ಸಂಪರ್ಕ ಕಳೆದುಕೊಂಡರೆ ತಪ್ಪು ಯಾರದು? ಇನ್ನು ದನಿಯ ಗುರುತು ಹಿಡಿಯುವವು. ಸಂಚಾರ ಗೂಢಲಿಪಿಯಲ್ಲಿದ್ದರೆ ಅವಕ್ಕೆ ಏನೂ ಕಾಣುವುದಿಲ್ಲ. ವಿಪಿಎನ್ (ಸಂಚಾರವನ್ನು ಮರೆಮಾಡಿ ಬೇರೆ ಸರ್ವರಿನ ಮೂಲಕ ಕಳಿಸುವ ಸೇವೆ) ಹಾಕಿಕೊಂಡವರಿಗೆ ಈ ಪೆಟ್ಟಿಗೆ ಇದ್ದೂ ಇಲ್ಲದಂತೆ. ಕೊನೆಗೆ ಸಿಕ್ಕಿಬೀಳುವುದು ವಿಪಿಎನ್ ಗೊತ್ತಿಲ್ಲದ ಹೊಸಬರು. ವರ್ಷ ವರ್ಷ ಲೈಸೆನ್ಸ್ ಹಣ ಬೇರೆ.

ಹಾಸ್ಟೆಲ್ ದೊಡ್ಡದು, ನೋಟಿಸ್ ತುಂಬಾ ಬರುತ್ತವೆ, ನೋಡಿಕೊಳ್ಳಲು ಜನ ಇಲ್ಲ ಅನ್ನುವಂತಿದ್ದರೆ ಹಾಸ್ಟೆಲ್ ನೆಟ್‌ವರ್ಕಿಗೆ ಮಾತ್ರ ಇದನ್ನು ಹಾಕಿ. ನನಗೆ ಬೇಕು, ಕಾರಣ ಇದು ಅಂತ ಕೇಳಿದವರಿಗೆ ಅದೇ ದಿನ ವಿನಾಯಿತಿ ಸಿಗುವ ಹಾಗಿರಲಿ. ಲ್ಯಾಬ್, ಗ್ರಂಥಾಲಯ, ಸಂಶೋಧನಾ ವಿಭಾಗಗಳ ಹತ್ತಿರ ಇದು ಸುಳಿಯಬಾರದು.

ದಂಡವೋ, ಪಾಠವೋ?

ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ಸಿಕ್ಕಿದವರಿಗೆ ಏನು ಮಾಡಬೇಕು ಅನ್ನೋ ಪ್ರಶ್ನೆ ಉಳಿಯುತ್ತದೆ. ಸ್ಟ್ಯಾನ್‌ಫರ್ಡ್ 2007ರಲ್ಲಿ ಕಡಿತವಾದ ಸಂಪರ್ಕ ಮತ್ತೆ ಬೇಕಾದರೆ ಶುಲ್ಕ ಕಟ್ಟುವ ಪದ್ಧತಿ ತಂದಿತು. 100 ಡಾಲರಿನಿಂದ ಶುರುವಾಗಿ 1000ದವರೆಗೆ ಏರುವ ಶುಲ್ಕ. ಹಣದ ಪೆಟ್ಟು ನೆನಪಿನಲ್ಲಿ ಉಳಿಯುತ್ತದೆ, ನಿಜ. ಆದರೆ ಅದು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಸಾಲ ಮಾಡಿ ಓದುತ್ತಿರುವವರಿಗೆ 500 ಡಾಲರ್ ಅಂದರೆ ತಿಂಗಳ ಊಟ, ಉಳ್ಳವರಿಗೆ ಲೆಕ್ಕಕ್ಕಿಲ್ಲ. ವಾರಗಟ್ಟಲೆ ಕಡಿತವೂ ಹಾಗೇ. ಅಸೈನ್‌ಮೆಂಟ್, ಪರೀಕ್ಷೆ ಎಲ್ಲ ಆನ್‌ಲೈನ್ ಇರುವಾಗ ಅದು ಓದಿಗೇ ಕೊಡುವ ಶಿಕ್ಷೆ ಆಗುತ್ತದೆ.

ಮೊದಲ ಸಲಕ್ಕೆ ಒಂದು ಮೇಲ್, ಫೈಲ್ ಅಳಿಸಿದ್ದೇನೆ ಅನ್ನೋ ಉತ್ತರ, ಇಪ್ಪತ್ತು ನಿಮಿಷದ ಆನ್‌ಲೈನ್ ಪಾಠ ಸಾಕು. ಎರಡನೇ ಸಲ ವಿದ್ಯಾರ್ಥಿ ವ್ಯವಹಾರಗಳ ಕಚೇರಿಯಲ್ಲಿ ಮುಖಾಮುಖಿ ಮಾತು. ಮೂರನೆಯದಕ್ಕೆ ಕಡಿತ, ಆದರೆ ಕಲಿಕಾ ಪೋರ್ಟಲ್ ಮತ್ತು ಗ್ರಂಥಾಲಯದ ತಾಣಗಳು ತೆರೆದಿರುವ ಹಾಗೆ. ಪಾಠದಲ್ಲಿ ಹೆದರಿಸುವ ಮಾತಿಗಿಂತ ನಿಜವಾದ ಸಂಖ್ಯೆ ಹೇಳಿ. ಕಾನೂನಿನ ಪ್ರಕಾರ ಪರಿಹಾರ ಒಂದು ಕೃತಿಗೆ ಸಾಮಾನ್ಯವಾಗಿ 750ರಿಂದ 30,000 ಡಾಲರ್. ಬೇಕೆಂದೇ ಮಾಡಿದ್ದು ಅಂತ ಸಾಬೀತಾದರೆ 1,50,000ದವರೆಗೂ ಹೋಗಬಹುದು. ದಂಡ ಶಿಕ್ಷೆಗಳ ಸಾರಾಂಶವನ್ನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ತಿಳಿಸುವುದು ಹೇಗೂ ಕಡ್ಡಾಯ. ನೂರು ಸಾಲಿನ ನೀತಿ ಪುಟದಲ್ಲಿ ಹೂತಿಡುವ ಬದಲು ನೇರವಾಗಿ, ಚಿಕ್ಕದಾಗಿ ಬರೆಯಬಹುದು ಅಲ್ವಾ?

ಕಾನೂನುಬದ್ಧ ದಾರಿ ತೋರಿಸುವುದು

ಸಾಧ್ಯವಾದ ಮಟ್ಟಿಗೆ ಪರ್ಯಾಯಗಳನ್ನು ಒದಗಿಸಿ ಅಂತಲೂ ಕಾಯ್ದೆ ಹೇಳುತ್ತದೆ. 2003ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ, ಅಷ್ಟರಲ್ಲಿ ಕಾನೂನುಬದ್ಧ ಸೇವೆಯಾಗಿ ಬದಲಾಗಿದ್ದ ನ್ಯಾಪ್‌ಸ್ಟರ್ ಜೊತೆ ಒಪ್ಪಂದ ಮಾಡಿಕೊಂಡು ವಿದ್ಯಾರ್ಥಿಗಳಿಗೆ ಸಂಗೀತ ಕೊಟ್ಟಿತು. ಕಾಲೇಜುಗಳಿಗಾಗಿಯೇ ಇದ್ದ ರಕಸ್ ಎಂಬ ಸೇವೆ 2009ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ಇಂಥ ಒಪ್ಪಂದಗಳಿಗೆ ಈಗ ಹಣ ಸುರಿಯುವ ಅಗತ್ಯ ಕಾಣುವುದಿಲ್ಲ. ಸಂಗೀತದ ಮಟ್ಟಿಗೆ ಸ್ಟ್ರೀಮಿಂಗ್ ಸೇವೆಗಳ ವಿದ್ಯಾರ್ಥಿ ರಿಯಾಯಿತಿಯೇ ಸಾಕು.

ಹಣ ಇದ್ದರೆ ಗ್ರಂಥಾಲಯಕ್ಕೆ ಕೊಡಿ. ಕನೋಪಿಯಂಥ ಸಿನಿಮಾ ಸೇವೆ, ಪಠ್ಯಪುಸ್ತಕದ ಇ-ಪ್ರತಿ, ಸಾಫ್ಟ್‌ವೇರ್‌ಗಳ ಕ್ಯಾಂಪಸ್ ಲೈಸೆನ್ಸ್ ಇವುಗಳಿಂದ ನೇರ ಉಪಯೋಗ ಇದೆ. ದುಬಾರಿ ಪಠ್ಯಪುಸ್ತಕದ ಕಳ್ಳ ಪಿಡಿಎಫ್ ಹುಡುಕುವವರಿಗೆ ಗ್ರಂಥಾಲಯದಲ್ಲೇ ಅದು ಸಿಗುತ್ತದೆ ಅನ್ನೋ ಒಂದು ಸಾಲು ಯಾವ ಫೈರ್‌ವಾಲ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ ಅಂತ ನಾನು ನಂಬುತ್ತೇನೆ.

ನಿಮ್ಮ ಕಾಲೇಜಿಗೆ ಯಾವುದು?

ಹಾಸ್ಟೆಲ್ ಇಲ್ಲದ ಸಣ್ಣ ಕಾಲೇಜಾದರೆ ನೋಟಿಸ್ ಪ್ರಕ್ರಿಯೆಯನ್ನು ಒಂದು ಪುಟದಲ್ಲಿ ಬರೆದು, ಒಬ್ಬರಿಗೆ ಜವಾಬ್ದಾರಿ ಕೊಟ್ಟು, ಇರುವ ರೂಟರಿನಲ್ಲಿ ವೇಗದ ಮಿತಿ ಹಾಕಿದರೆ ಆಯಿತು. ಸಾವಿರಾರು ಜನ ಉಳಿಯುವ ಹಾಸ್ಟೆಲ್‌ಗಳಿದ್ದರೆ ನೋಟಿಸ್‌ಗಳನ್ನು ಕೈಯಲ್ಲಿ ನಿಭಾಯಿಸುವುದು ಕಷ್ಟ. ಬಹಳಷ್ಟು ನೋಟಿಸ್‌ಗಳಲ್ಲಿ ಯಂತ್ರವೇ ಓದಬಲ್ಲ ಎಕ್ಸ್ಎಂಎಲ್ ಭಾಗ ಇರುತ್ತದೆ. ಅದನ್ನು ಓದಿ ಲಾಗ್ ಹುಡುಕುವ ಕೆಲಸ ತಂತ್ರಾಂಶಕ್ಕೆ ಬಿಡಿ. ವಿದ್ಯಾರ್ಥಿಗೆ ಮೇಲ್ ಹೋಗುವ ಮುನ್ನ ಒಬ್ಬರ ಕಣ್ಣು ಮಾತ್ರ ಅದರ ಮೇಲೆ ಬೀಳಲಿ. ಹಾಸ್ಟೆಲ್ ಇಂಟರ್ನೆಟ್ಟನ್ನು ಹೊರಗಿನ ಕಂಪನಿಗೆ ಕೊಟ್ಟಿದ್ದರೆ ನೋಟಿಸ್‌ಗಳು ಆ ಕಂಪನಿಗೆ ಹೋಗುತ್ತವೆ. ಅವರು ಏನು ಮಾಡುತ್ತಾರೆ, ನಿಮ್ಮ ವಿದ್ಯಾರ್ಥಿಯನ್ನು ಯಾವಾಗ ಕಡಿತ ಮಾಡುತ್ತಾರೆ ಅನ್ನೋದು ಒಪ್ಪಂದದಲ್ಲೇ ಇರಬೇಕು. ಸಹಿ ಆದಮೇಲೆ ಕೇಳಿದರೆ ತಡ.

ಯೋಜನೆ ಫಲ ಕೊಟ್ಟಿತೇ ಅಂತ ಆಗಾಗ ಪರಿಶೀಲಿಸುವುದೂ ನಿಯಮದ ಭಾಗ. ಬರೀ ನೋಟಿಸ್‌ಗಳ ಸಂಖ್ಯೆ ನೋಡಬೇಡಿ. ಯಾವ ಮಾಲೀಕರು ಈ ವರ್ಷ ಎಷ್ಟು ಹುಡುಕಿದರು ಅನ್ನೋದರ ಮೇಲೆ ಅದು ಏರಿಳಿಯುತ್ತದೆ. ಒಮ್ಮೆ ನೋಟಿಸ್ ಬಂದವರಲ್ಲಿ ಎಷ್ಟು ಜನಕ್ಕೆ ಎರಡನೆಯದು ಬಂತು ಅಂತ ನೋಡಿ. ನೋಟಿಸ್ ಬಂದು ವಿದ್ಯಾರ್ಥಿಯನ್ನು ತಲುಪಲು ಎಷ್ಟು ದಿನ ಹಿಡಿಯಿತು, ಎಷ್ಟರಲ್ಲಿ ವ್ಯಕ್ತಿಯೇ ಸಿಗಲಿಲ್ಲ ಅನ್ನೋದನ್ನೂ ಬರೆದಿಡಿ. ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಹಳೆಯ ನೋಟಿಸ್ ಒಂದನ್ನು ಇಬ್ಬರು ಸಿಬ್ಬಂದಿಗೆ ಬೇರೆ ಬೇರೆಯಾಗಿ ಕೊಟ್ಟು ಸಾಧನ ಹುಡುಕಲು ಹೇಳಿ. ಇಬ್ಬರೂ ಒಂದೇ ಸಾಧನಕ್ಕೆ ಬಂದು ನಿಲ್ಲದಿದ್ದರೆ, ಆ ಲಾಗ್ ಸರಿಹೋಗುವವರೆಗೆ ಯಾರ ಸಂಪರ್ಕವನ್ನೂ ಕಡಿತ ಮಾಡಬೇಡಿ.